ಕಿರಿಕಿರಿಗಳಿಗೊಂದು ನಮಸ್ಕಾರ

ಮನೆಯಲ್ಲಿ ದಿನಬೆಳಗಾದರೆ ಸೇವೆ ಸಲ್ಲಿಸುವ ಕಿರಿಕಿರಿಗಳಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಇವತ್ತಾದರೂ ಆ ಋಣ ತೀರಿಸೋಣ.

ಮೊದಲ ನಮಸ್ಕಾರ ಒಲೆಯ ಮೇಲಿನ ಹಾಲಿಗೆ. ಮನೆಯಾಕೆ ಎದುರಿಗೇ ಹತ್ತು ನಿಮಿಷ ನಿಂತರೂ ಅದು ಮಿಸುಕುವುದಿಲ್ಲ. ಬಾಗಿಲಲ್ಲಿ ಸೊಪ್ಪಿನಾಕೆ ಕೂಗಿದಳೆಂದು ಅತ್ತ ತಿರುಗಿದರೆ ಸಾಕು, ಭುಸ್ಸೆಂದು ಉಕ್ಕಿ ಒಲೆ, ಕಟ್ಟೆ, ನೆಲ ಎಲ್ಲಕ್ಕೂ ಅಭಿಷೇಕ! ಬೆಳಗಿನ ಹೊತ್ತು ಬಗ್ಗಿ ಒರೆಸುವ ವ್ಯಾಯಾಮ ಪುಕ್ಕಟೆ. ಇದೇ ಹಾಲು ಗೃಹಪ್ರವೇಶದ ದಿನ ಉಕ್ಕಿದರೆ ನೆಂಟರಿಷ್ಟರೆಲ್ಲ ಕೈಮುಗಿಯುತ್ತಾರೆ. ಮಾರನೆಯ ದಿನ ಉಕ್ಕಿದರೆ ಮಾತ್ರ ತಪ್ಪು ಯಾರದೆಂಬ ವಿಚಾರಣೆ ಶುರು.

ನೀರು ಹೀಗೆ ಉಕ್ಕುವುದಿಲ್ಲ, ಗಮನಿಸಿದ್ದೀರಾ? ನೀರಿನಲ್ಲಿ ಎದ್ದ ಆವಿಯ ಗುಳ್ಳೆ ಮೇಲೆ ಬಂದೊಡನೆ ಒಡೆದುಹೋಗುತ್ತದೆ. ಹಾಲಿನಲ್ಲಾದರೋ ಪ್ರೋಟೀನು ಇದೆ, ಕೊಬ್ಬು ಇದೆ. ಕಾಯುತ್ತ ಹೋದಂತೆ ಇವು ಸೇರಿ ಮೇಲೆ ಕೆನೆಯ ಮುಚ್ಚಳ ಕಟ್ಟುತ್ತವೆ. ಒಂದೊಂದು ಗುಳ್ಳೆಗೂ ಪ್ರೋಟೀನಿನ ತೆಳು ಪೊರೆ ಸುತ್ತಿಕೊಳ್ಳುವುದರಿಂದ ಅದು ಬೇಗ ಒಡೆಯುವುದಿಲ್ಲ. ಕೆಳಗಿನಿಂದ ಆವಿ ದೂಡುತ್ತಲೇ ಇರುತ್ತದೆ, ಮೇಲೆ ದಾರಿ ಇಲ್ಲ. ಕೊನೆಗೆ ಮುಚ್ಚಳವನ್ನೇ ಎತ್ತಿಕೊಂಡು ನೊರೆ ಹೊರಗೆ ಹೊರಡುತ್ತದೆ. ಪಾತ್ರೆಯಲ್ಲೊಂದು ಸೌಟು ನಿಲ್ಲಿಸಿದರೆ ಕೆನೆ ಪೂರ್ತಿ ಮುಚ್ಚಿಕೊಳ್ಳದೆ ಆವಿಗೆ ಒಂದಿಷ್ಟು ದಾರಿಯಾಗುತ್ತದೆ. ಆದರೆ ಉರಿ ಸಣ್ಣ ಮಾಡುವುದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಈರುಳ್ಳಿಗೂ ವಂದನೆ ಸಲ್ಲಬೇಕು. ಟಿ.ವಿ. ಧಾರಾವಾಹಿಯ ಹಂಗಿಲ್ಲದೆ ಅಳಿಸುವ ಸಾಮರ್ಥ್ಯ ಅದಕ್ಕಿದೆ. ಹೆಚ್ಚಿದಾಗ ಜೀವಕೋಶಗಳು ಒಡೆದು, ಒಳಗಿನ ಕಿಣ್ವಗಳು ಗಂಧಕವಿರುವ ವಸ್ತುಗಳ ಜೊತೆ ಕಲೆತು, ಕಣ್ಣಿಗೆ ಹಾರುವ ಆವಿಯೊಂದನ್ನು ಹುಟ್ಟಿಸುತ್ತವೆ. ಈ ಕೆಲಸಕ್ಕೆಂದೇ ಪ್ರತ್ಯೇಕ ಕಿಣ್ವವೊಂದಿದೆ ಎಂದು ಜಪಾನಿನ ವಿಜ್ಞಾನಿಗಳು 2002ರಲ್ಲಿ ತೋರಿಸಿದರು. 2013ರಲ್ಲಿ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು. ಅತ್ತವರಿಗೆ ಇನ್ನೂ ಏನೂ ಬಂದಿಲ್ಲ.

ಇನ್ನು ಫ್ಯೂಸು. ಅಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದಾರೆ, ಅಪ್ಪ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಾರೆ, ಬಚ್ಚಲಲ್ಲಿ ಹೀಟರು ನೀರು ಕಾಯಿಸುತ್ತಿದೆ. ಮಗನಿಗೆ ಮಧ್ಯಾಹ್ನ ವಿಜ್ಞಾನದ ಪರೀಕ್ಷೆ. ಟಪ್! ಮನೆಯೆಲ್ಲ ಕತ್ತಲು. ‘ದರಿದ್ರ ಫ್ಯೂಸು, ಯಾವಾಗಲೂ ಇದೇ ಗೋಳು’ ಎಂದು ಅಪ್ಪ ಗೊಣಗುತ್ತಾರೆ. ಲೆಕ್ಕ ಹಾಕಿ ನೋಡಿ. ಹೀಟರಿಗೆ 2000 ವಾಟ್, ಇಸ್ತ್ರಿಪೆಟ್ಟಿಗೆಗೆ 1000, ಮಿಕ್ಸಿಗೆ 750. 230 ವೋಲ್ಟಿನಲ್ಲಿ ಇವೆಲ್ಲ ಸೇರಿ 16 ಆಂಪಿಯರ್ ದಾಟುತ್ತದೆ. ಆ ಲೈನು 10 ಆಂಪಿಯರಿನದಾದರೆ? ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣ ಎಂಬ ಜೂಲ್ ನಿಯಮ ಮಗನಿಗೆ ಬಾಯಿಪಾಠ. ಆದರೆ ಗೋಡೆಯೊಳಗಿನ ತಂತಿ ಎರಡೂವರೆ ಪಟ್ಟಿಗೂ ಹೆಚ್ಚು ಬಿಸಿಯನ್ನು ಹುಟ್ಟಿಸುತ್ತಿತ್ತು ಎಂಬುದು ಅವನಿಗೆ ಹೊಳೆಯುವುದಿಲ್ಲ. ಅದು ಪ್ರಶ್ನೆಪತ್ರಿಕೆಯಲ್ಲಿ ಬಂದಿಲ್ಲವಲ್ಲ! ಈ ಗೋಳು ತಪ್ಪಿಸಲು ಕೆಲವರು ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಾರೆ. ಹೊಸ ಮನೆಗಳಲ್ಲಿ ಎಂ.ಸಿ.ಬಿ.ಯನ್ನೇ ದೊಡ್ಡದು ಹಾಕಿಸುತ್ತಾರೆ. ಆಮೇಲೆ ಕಿರಿಕಿರಿಯೇ ಇಲ್ಲ. ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ತಂತಿ.

ಎಲ್ಲಕ್ಕಿಂತ ಹೆಚ್ಚು ಬೈಗುಳ ತಿನ್ನುವುದು ಅಡುಗೆ ಅನಿಲದ ಕೆಟ್ಟ ವಾಸನೆ. ಅದು ಅನಿಲದ್ದಲ್ಲ. ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಗೆ ಮೂಗಿಗೆ ತಿಳಿಯುವಂಥ ವಾಸನೆಯಿಲ್ಲ. ಬೇಕೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ದ್ರವವನ್ನು ಚೂರು ಬೆರೆಸುತ್ತಾರೆ.

ಇದರ ಹಿಂದೆ ಒಂದು ಶಾಲೆಯ ಕಥೆಯಿದೆ. ಅಮೆರಿಕದ ಟೆಕ್ಸಸ್ ರಾಜ್ಯದ ನ್ಯೂ ಲಂಡನ್ ಎಂಬ ಊರು. ಅಲ್ಲಿನ ಶಾಲೆ ಖರ್ಚು ಉಳಿಸಲೆಂದು ಪಕ್ಕದ ತೈಲಕ್ಷೇತ್ರದ ಕೊಳವೆಯಿಂದ ನೈಸರ್ಗಿಕ ಅನಿಲ ಪಡೆಯುತ್ತಿತ್ತು. ಅದು ಸೋರಿ ಕಟ್ಟಡದ ನೆಲದಡಿ ತುಂಬಿಕೊಂಡಿತು. ವಾಸನೆ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡಲು ಕೆಲವೇ ನಿಮಿಷಗಳಿದ್ದಾಗ, ಮರ ಉಜ್ಜುವ ವಿದ್ಯುತ್ ಯಂತ್ರವೊಂದರ ಸ್ವಿಚ್ ಹಾಕಿದರು. ಕಿಡಿ ತಗುಲಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದೇ ವರ್ಷ ಟೆಕ್ಸಸ್ ಸರ್ಕಾರ ಅನಿಲಕ್ಕೆ ವಾಸನೆ ಬೆರೆಸುವುದನ್ನು ಕಡ್ಡಾಯ ಮಾಡಿತು.

ಈಗ ಮತ್ತೆ ಆ ಹಾಲಿನ ಹತ್ತಿರ ಬನ್ನಿ. ಉಕ್ಕಿದ ಹಾಲು ಉರಿಯನ್ನು ನಂದಿಸಿಬಿಡುವುದುಂಟು. ಬರ್ನರಿನಿಂದ ಅನಿಲ ಮಾತ್ರ ಬರುತ್ತಲೇ ಇರುತ್ತದೆ. ಗಾಳಿಗಿಂತ ಭಾರವಾದ ಅದು ನೆಲದ ಮೇಲೆ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹೊತ್ತಿಕೊಳ್ಳಬಲ್ಲದು. ‘ಏನೋ ವಾಸನೆ’ ಎಂದು ಅಜ್ಜಿ ಹೇಳುತ್ತಾರೆ. ‘ನಿಮಗೆ ಯಾವಾಗಲೂ ಏನಾದರೊಂದು ವಾಸನೆ’ ಎಂದು ಪೇಪರಿನ ಹಿಂದಿನಿಂದ ಉತ್ತರ ಬರುತ್ತದೆ. ವಾಸನೆ ಹೋಗಲೆಂದು ಊದಿನಕಡ್ಡಿ ಹಚ್ಚಹೊರಡುವ ಪುಣ್ಯಾತ್ಮರೂ ಇದ್ದಾರೆ!

ಕಡ್ಡಿ ಗೀರಬೇಡಿ. ಲೈಟು, ಫ್ಯಾನು ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಬರುತ್ತದೆ. ಒಲೆಯ ತಿರುಪು, ರೆಗ್ಯುಲೇಟರ್ ಎರಡನ್ನೂ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಅಜ್ಜಿಯನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಗೆ ಬನ್ನಿ. ವಾಸನೆ ಹೋಗದಿದ್ದರೆ ಹೊರಗಿನಿಂದಲೇ 1906ಕ್ಕೆ ಫೋನು ಮಾಡಿ. ಕಟ್ಟೆಯ ಮೇಲಿನ ಹಾಲನ್ನು ಆಮೇಲೆ ಒರೆಸಿದರಾಯಿತು.