ಪ್ರಾಯಪ್ರವೇಶದ ಕಾಲ ಮತ್ತು ಹರೆಯದ ಮನಸ್ಸು

ಅಮೆರಿಕದಲ್ಲಿ ಹೆಣ್ಣುಮಕ್ಕಳು ಮೈನೆರೆಯುವ ವಯಸ್ಸು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದೆ. ಎಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1950ರಿಂದ 1969ರ ನಡುವೆ ಹುಟ್ಟಿದವರಿಗೆ ಮೊದಲ ಮುಟ್ಟು ಸರಾಸರಿ 12.5ನೇ ವಯಸ್ಸಿನಲ್ಲಿ ಬಂದಿತ್ತು. 2000ದಿಂದ 2005ರ ನಡುವೆ ಹುಟ್ಟಿದವರಿಗೆ 11.9ನೇ ವಯಸ್ಸಿನಲ್ಲೇ ಬಂದಿದೆ. ದೇಹದ ಮೊದಲ ಬದಲಾವಣೆಗಳು ಇದಕ್ಕಿಂತ ಎರಡು ವರ್ಷದಷ್ಟು ಮುಂಚೆಯೇ ತೊಡಗುತ್ತವೆ.

ಹರೆಯದವರ ಮನೋವ್ಯಥೆಯೂ ಈಗ ಸಾರ್ವಜನಿಕ ಕಳವಳದ ವಿಷಯ. ಸಿಡಿಸಿ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಪ್ರೌಢಶಾಲೆಯ ಹುಡುಗಿಯರಲ್ಲಿ ಶೇ. 57, ಹುಡುಗರಲ್ಲಿ ಶೇ. 29 ಮಂದಿ ಬಿಡದೆ ಕಾಡುವ ದುಃಖ ಅಥವಾ ಹತಾಶೆಯನ್ನು ಹೇಳಿಕೊಂಡರು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದವರಾದ, ಅಂದಿನ ಸರ್ಜನ್ ಜನರಲ್ ಡಾ. ವಿವೇಕ್ ಮೂರ್ತಿ ಅದೇ ಡಿಸೆಂಬರ್‌ನಲ್ಲಿ ಈ ಬಗ್ಗೆ ರಾಷ್ಟ್ರಕ್ಕೆ ಎಚ್ಚರಿಕೆಯ ಪ್ರಕಟಣೆ ನೀಡಿದರು.

ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ದಶಕಗಳ ಕಾಲ ನಿಧಾನವಾಗಿ ಇಳಿದ ವಯಸ್ಸು ಇತ್ತೀಚಿನ ಹಠಾತ್ ಏರಿಕೆಯನ್ನು ವಿವರಿಸಲಾರದು. ಆದರೆ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದಾಗ ಕಾಲಕ್ಕೆ ಮಹತ್ವವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಜೇನ್ ಮೆಂಡಲ್ ಮತ್ತು ಸಂಗಡಿಗರು 7,802 ಮಹಿಳೆಯರ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ತೋರಿಸಿದಂತೆ, ಬೇಗ ಮೈನೆರೆದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದು, ಆ ವ್ಯತ್ಯಾಸ ಇಪ್ಪತ್ತರ ದಶಕದ ಕೊನೆಯವರೆಗೂ ಉಳಿದಿತ್ತು.

ಇದಕ್ಕೆ ಹಾರ್ಮೋನುಗಳಷ್ಟೇ ಕಾರಣವೇ? ಅಲ್ಲವೆಂಬುದಕ್ಕೆ ನಮ್ಮವರು ನೆಲೆಸಿರುವ ಎರಡು ಸೀಮೆಗಳಲ್ಲೇ ಆಧಾರ ದೊರೆತಿದೆ. ಆನ್ ಪೀಟರ್ಸನ್ ಮತ್ತು ಸಂಗಡಿಗರು ಷಿಕಾಗೋ ಉಪನಗರಗಳ 335 ಮಕ್ಕಳನ್ನು ಆರನೆಯ ತರಗತಿಯಿಂದ ಎಂಟರವರೆಗೆ, ಮತ್ತೆ ಹನ್ನೆರಡರಲ್ಲಿ ಗಮನಿಸಿದರು. ಹುಡುಗಿಯರಲ್ಲಿ ದುಗುಡ ಹೆಚ್ಚಿತ್ತು. ಆದರೆ ಅವರು ಎಳೆಹರೆಯದಲ್ಲಿ ಎದುರಿಸಿದ ಹೆಚ್ಚಿನ ಸವಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಹುಡುಗ–ಹುಡುಗಿಯರ ನಡುವಣ ಅಂತರ ಮಾಯವಾಯಿತು. ಮೈ ಬದಲಾಗುವುದು ಮತ್ತು ಶಾಲೆ ಬದಲಾಗುವುದು ಒಂದೇ ಸಮಯಕ್ಕೆ ಬಂದೊದಗುವುದು ಅಂಥ ಸವಾಲುಗಳಲ್ಲೊಂದು. 1991ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಡೆಟ್ರಾಯಿಟ್ ಇರುವ ಆಗ್ನೇಯ ಮಿಷಿಗನ್‌ನ ಹನ್ನೆರಡು ಶಾಲಾ ಜಿಲ್ಲೆಗಳಲ್ಲಿ ಜಾಕ್ವೆಲಿನ್ ಎಕಲ್ಸ್ 1983ರಲ್ಲಿ ಆರಂಭಿಸಿದ ಅಧ್ಯಯನ ಇದಕ್ಕೆ ಪೂರಕ. ಮಕ್ಕಳು ಸ್ವಾತಂತ್ರ್ಯ ಬಯಸತೊಡಗುವ ಹೊತ್ತಿಗೇ ಜೂನಿಯರ್ ಹೈಸ್ಕೂಲ್ ಅವರನ್ನು ಹೆಚ್ಚು ಹದ್ದುಬಸ್ತಿನಲ್ಲಿಡುತ್ತಿತ್ತು. ತರಗತಿಯ ತೀರ್ಮಾನಗಳಲ್ಲಿ ತಮಗೆ ಪಾಲು ಸಿಗುತ್ತಿಲ್ಲವೆಂಬ ಭಾವನೆ, ಬೇಗ ಬೆಳೆದ ಹುಡುಗಿಯರಲ್ಲೇ ಹೆಚ್ಚಾಗಿತ್ತು.

ಹಿಂದೆ ನಮ್ಮೂರುಗಳಲ್ಲಿ ಹುಡುಗಿ ದೊಡ್ಡವಳಾದಾಗ ಆರತಿ ಬೆಳಗಿ, ಎಳ್ಳು, ಬೆಲ್ಲ, ಕೊಬ್ಬರಿ ತಿನ್ನಿಸುತ್ತಿದ್ದರು. ಆ ಪದ್ಧತಿಯಲ್ಲಿ ಮೈಲಿಗೆಯ ಕಟ್ಟುಪಾಡುಗಳೂ ಇದ್ದವು. ಅವು ಹೋದದ್ದು ಒಳಿತೇ. ಆದರೆ ಅಜ್ಜಿ, ಸೋದರತ್ತೆ, ಚಿಕ್ಕಮ್ಮಂದಿರ ಸುತ್ತುವರಿದ ಮಾತೂ ಅದರೊಂದಿಗೇ ಹೋಯಿತು. ನೇಪರ್‌ವಿಲ್ಲಿನಲ್ಲೋ ಟ್ರಾಯ್‌ನಲ್ಲೋ ಇರುವ ಪುಟ್ಟ ಸಂಸಾರದಲ್ಲಿ ಆ ಮಾತಿನ ಹೊಣೆಯೆಲ್ಲ ಹೆತ್ತವರದೇ.

ಮೈಯ ಗಡಿಯಾರ ನಮ್ಮ ಕೈಯಲ್ಲಿಲ್ಲ. ಅದರ ಜೊತೆಗೆ ಬೀಳುವ ಹೊರೆಗಳು ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಎಂಟು–ಒಂಬತ್ತರ ವಯಸ್ಸಿಗೇ ಮಗುವಿಗೆ ವಿಷಯ ತಿಳಿಸಬಹುದು. ಸಾಧ್ಯವಾದರೆ ಮನೆ ಮತ್ತು ಶಾಲೆ ಬದಲಿಸುವುದನ್ನು ಆ ವರ್ಷಗಳಲ್ಲಿ ತಪ್ಪಿಸಬಹುದು. ಹುಡುಗಿಯರಲ್ಲಿ ಎಂಟು, ಹುಡುಗರಲ್ಲಿ ಒಂಬತ್ತು ತುಂಬುವ ಮೊದಲೇ ಲಕ್ಷಣ ಕಂಡರೆ ಮಕ್ಕಳ ವೈದ್ಯರನ್ನು ಕಾಣಬೇಕು. ಆತಂಕದ ತಪಾಸಣೆಯನ್ನು ಎಂಟರಿಂದಲೂ ಖಿನ್ನತೆಯ ತಪಾಸಣೆಯನ್ನು ಹನ್ನೆರಡರಿಂದಲೂ ನಡೆಸಬೇಕೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಶಿಫಾರಸು ಮಾಡಿದೆ. ವಾರ್ಷಿಕ ಭೇಟಿಯಲ್ಲಿ ಅದನ್ನು ಕೇಳಿ ಪಡೆಯಬಹುದು.

ಬೇಗ ಬೆಳೆದವರೆಲ್ಲ ನರಳುವುದಿಲ್ಲ. ಎತ್ತರಕ್ಕೆ ಬೆಳೆದ ಹತ್ತು ವರ್ಷದ ಮಗುವಿನಿಂದ ಹದಿನಾಲ್ಕರ ವಿವೇಕವನ್ನು ನಿರೀಕ್ಷಿಸದಿರುವುದು, ಅದರ ವಯಸ್ಸು ಹತ್ತೇ ಎಂಬುದನ್ನು ಮರೆಯದಿರುವುದು, ಮನೆಯವರಿಂದ ಆಗಬೇಕಾದ ಮೊದಲ ನೆರವು.