ಮಾಳಿಗೆಯ ಮೇಲೆ ಎರಡು ಖೋಲಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಬಾಡಿಗೆಗೆಂದು ಖೋಲಿ ಕಟ್ಟಿಸುವವರ ಪಾಡನ್ನು ಮಾತ್ರ ಗಾದೆ ಹೇಳಿಲ್ಲ. ವಿಜಯಪುರದ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಸ್ವಂತ ಮನೆಯಿರುವ ಒಂದು ಕುಟುಂಬವಿದೆ ಎಂದಿಟ್ಟುಕೊಳ್ಳಿ. ಮಗಳು ಪಿಯುಸಿ ಎರಡನೆಯ ವರ್ಷದಲ್ಲಿದ್ದಾಳೆ. ಮುಂದಿನ ವರ್ಷ ಕಾಲೇಜಿನ ಫೀಸು ಕಟ್ಟಬೇಕು. ತಿಕೋಟಾ, ಬಬಲೇಶ್ವರ ಕಡೆಯಿಂದ ಓದಲು ಬರುವ ಹುಡುಗರು ಖೋಲಿ ಕೇಳಿಕೊಂಡು ಬಾಗಿಲಿಗೆ ಬರುತ್ತಾರೆ. “ಮಾಳಗಿ ಮ್ಯಾಲ ಎರಡು ಖೋಲಿ ಕಟ್ಟಿಸಿದ್ರ ನನ್ನ ಫೀಸು ಅದರಾಗ ಹೋಗ್ತದಲ್ಲಪ್ಪಾ” ಎನ್ನುತ್ತಾಳೆ ಮಗಳು. ಮಾತು ಸರಿಯಾಗಿಯೇ ತೋರುತ್ತದೆ. ಆದರೆ ಗವಂಡಿಯನ್ನು ಕರೆಯುವ ಮುನ್ನ ಆ ತಂದೆ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಮೊದಲನೆಯದು, ಅಲ್ಲಿ ಕಟ್ಟಲು ಬರುತ್ತದೆಯೇ? ಬೇರೆ ಊರಲ್ಲಿ ಈ ಪ್ರಶ್ನೆ ಪಾಲಿಕೆಯ ಪರವಾನಗಿಗೇ ಮುಗಿಯುತ್ತದೆ. ಸ್ಟೇಷನ್ ರಸ್ತೆಯಲ್ಲಿ ಹಾಗಲ್ಲ, ಅಲ್ಲಿ ಗೋಳಗುಮ್ಮಟವಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರು ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ಮೊದಲು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಒಪ್ಪಿಗೆ ಬಂದ ನಂತರವೇ ಕೆಲಸ ಹಿಡಿಯಬೇಕು. ಮಾಳಿಗೆಯ ಮೇಲೆ ಏರಿಸುವ ಖೋಲಿಯೂ ಹೊಸ ಕಟ್ಟಡವೇ.

ಅನೇಕರು ಎಡವುವುದು ಅಳತೆಯಲ್ಲಿ. ದೂರವನ್ನು ಗುಮ್ಮಟದ ಗೋಡೆಯಿಂದ ಅಳೆಯುವುದಲ್ಲ, ಸ್ಮಾರಕಕ್ಕೆ ಸೇರಿದ ಸಂರಕ್ಷಿತ ಜಾಗದ ಗಡಿಯಿಂದ ಅಳೆಯಬೇಕು. ವಿಜಯಪುರದಲ್ಲಿ ಜುಮ್ಮಾ ಮಸೀದಿ, ಬಾರಾ ಕಮಾನ್, ಇಬ್ರಾಹಿಂ ರೋಜಾ ಹೀಗೆ ಸಂರಕ್ಷಿತ ಸ್ಮಾರಕಗಳು ಊರ ತುಂಬ ಇರುವುದರಿಂದ, ಒಂದರಿಂದ ದೂರವಾದ ಮನೆ ಇನ್ನೊಂದಕ್ಕೆ ಹತ್ತಿರವಾಗಬಹುದು. ನಿಯಮ ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ನಿಷೇಧಿತ ಪ್ರದೇಶದಲ್ಲಿಯೂ ಅನುಮತಿ ಕೇಳಬಹುದು. ಅಂಥ ಮನೆಯವರು ಮೇಲೆ ಏರಿಸುವ ಆಸೆ ಬಿಟ್ಟು, ಕೆಳಗಿನ ಹಳೆಯ ಖೋಲಿಯನ್ನು ಅನುಮತಿ ಪಡೆದು ದುರಸ್ತಿ ಮಾಡಿಸುವುದೇ ಜಾಣತನ. ಸುತ್ತಲಲ್ಲಿ ಹೊಸದಾಗಿ ಮನೆಯನ್ನೋ ಜಾಗವನ್ನೋ ಕೊಳ್ಳುವವರು ಉತಾರ ಮತ್ತು ಋಣಭಾರ ಪತ್ರ ನೋಡಿದರೆ ಸಾಲದು, ಈ ದೂರವನ್ನೂ ಮೊದಲು ವಿಚಾರಿಸಬೇಕು. ಅಗ್ಗಕ್ಕೆ ಬಂದ ಜಾಗ ಏಕೆ ಅಗ್ಗವಾಯಿತು ಎಂಬುದು ಅಲ್ಲಿ ತಿಳಿದೀತು.

ಎರಡನೆಯ ಪ್ರಶ್ನೆ, ವರ್ಷಕ್ಕೆ ಎಷ್ಟು ತಿಂಗಳು? ಕ್ಯಾಲೆಂಡರಿನಲ್ಲಿ ಹನ್ನೆರಡು ತಿಂಗಳಿದ್ದರೂ ವಿದ್ಯಾರ್ಥಿಗಳ ಖೋಲಿಗೆ ಅಷ್ಟಿಲ್ಲ. ಪರೀಕ್ಷೆ ಮುಗಿದ ಕೂಡಲೇ ಹುಡುಗರು ಗಂಟುಮೂಟೆ ಕಟ್ಟುತ್ತಾರೆ. ಹೊಸಬರು ಬರುವುದು ಕಾಲೇಜು ಶುರುವಾದ ಮೇಲೆ. ಉದಾಹರಣೆಗೆ, ಎರಡು ಖೋಲಿಗೆ 8 ಲಕ್ಷ ರೂಪಾಯಿ ಖರ್ಚಾಯಿತು, ಎರಡರಿಂದಲೂ ಸೇರಿ ತಿಂಗಳಿಗೆ 8,000 ಬಾಡಿಗೆ ಎನ್ನಿ. ಕಾಗದದ ಮೇಲೆ ವರ್ಷಕ್ಕೆ 96,000. ಎರಡು ತಿಂಗಳು ಖಾಲಿ ಉಳಿದರೆ 80,000. ಸುಣ್ಣ-ಬಣ್ಣ, ನಳ, ಮೋಟರು, ಹೆಚ್ಚುವ ಮನೆ ಕರ ಎಂದು 12,000 ತೆಗೆದರೆ ಕೈಗೆ ಉಳಿಯುವುದು 68,000. ಕೂಡಿಟ್ಟ ಹಣದಿಂದ ಕಟ್ಟಿಸಿದ್ದರೆ ಇದು ನೂರಕ್ಕೆ ಎಂಟೂವರೆ, ಕೆಟ್ಟದ್ದೇನಲ್ಲ. ಅದೇ 8 ಲಕ್ಷವನ್ನು ನೂರಕ್ಕೆ 9ರ ಬಡ್ಡಿಗೆ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 72,000ದ ಹತ್ತಿರ. ಅಸಲಿನ ಕಂತು ಬೇರೆ. ಆಗ ಮಗಳ ಫೀಸು ಖೋಲಿಯಿಂದ ಬರುವುದಿಲ್ಲ, ಖೋಲಿಯ ಕಂತೇ ತಂದೆಯ ಪಗಾರದಿಂದ ಹೋಗುತ್ತದೆ. ಆಸ್ತಿ ಉಳಿಯುತ್ತದೆ ಎಂಬುದು ನಿಜ. ಆದರೆ ಫೀಸು ಕಟ್ಟುವ ದಿನ ಆಸ್ತಿಯನ್ನು ಕೌಂಟರಿನಲ್ಲಿ ಇಡಲಾಗದು.

ಮೂರನೆಯದು, ಕರಾರು ಯಾರೊಂದಿಗೆ? ಪಿಯುಸಿಗೆ ಬರುವ ಹುಡುಗನಿಗೆ ಸಾಮಾನ್ಯವಾಗಿ 18 ತುಂಬಿರುವುದಿಲ್ಲ. 1872ರ ಕರಾರು ಕಾಯ್ದೆಯಂತೆ ಅಪ್ರಾಪ್ತ ವಯಸ್ಕನು ಮಾಡಿದ ಕರಾರಿಗೆ ಬೆಲೆಯಿಲ್ಲ. ಆದ್ದರಿಂದ ಬಾಡಿಗೆ ಪತ್ರಕ್ಕೆ ಹುಡುಗನ ತಂದೆ ಅಥವಾ ತಾಯಿ ತಮ್ಮ ಹೆಸರಿನಲ್ಲಿಯೇ ಸಹಿ ಮಾಡಬೇಕು. ಇದು ಮನೆ ಮಾಲೀಕರಿಗೆ ಎಷ್ಟು ಒಳ್ಳೆಯದೋ ದೂರದ ಹಳ್ಳಿಯ ಪಾಲಕರಿಗೂ ಅಷ್ಟೇ ಒಳ್ಳೆಯದು. ಮಗ ಎಲ್ಲಿ, ಯಾವ ಷರತ್ತಿಗೆ ಇದ್ದಾನೆಂಬುದು ಅವರಿಗೆ ಗೊತ್ತಿರುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳ ಪತ್ರ ರೂಢಿಗೆ ಬಂದದ್ದು ಅದಕ್ಕೇ. ಬಿಡುವ ಮುನ್ನ ಎಷ್ಟು ದಿನದ ನೋಟಿಸು ಎಂಬುದನ್ನು ಪತ್ರದಲ್ಲಿ ಬರೆಯಬೇಕು. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಕಾಯ್ದೆ ಹೇಳುವುದು 15 ದಿನ.

ಜಗಳ ಹುಟ್ಟುವುದು ಹೆಚ್ಚಾಗಿ ಬಾಡಿಗೆಗಲ್ಲ, ಡಿಪಾಜಿಟ್ಟಿಗೆ. ಖೋಲಿ ಕೊಡುವ ದಿನವೇ ಫ್ಯಾನು, ಬಲ್ಬು, ನಳ, ಕಿಟಕಿಯ ಗಾಜು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಅರ್ಧ ಜಗಳ ಅಂದೇ ಮುಗಿಯಿತು. ಬಳಸಿ ಸವೆದದ್ದು ಬೇರೆ, ಒಡೆದು ಹಾಳಾದದ್ದು ಬೇರೆ. ಮಾಸಿದ ಗೋಡೆಗಾಗಿ ಹುಡುಗನ ಡಿಪಾಜಿಟ್ಟು ಹಿಡಿಯುವುದು ನ್ಯಾಯವಲ್ಲ. ಕರೆಂಟಿಗೆ ಬೇರೆ ಮೀಟರು, ನೀರು ಬರುವ ಹೊತ್ತು, ಬಾಗಿಲು ಹಾಕುವ ಸಮಯ ಇವನ್ನೂ ಮೊದಲೇ ಹೇಳಿಬಿಡಬೇಕು. ಪ್ರತಿ ತಿಂಗಳೂ ರಸೀದಿ ಕೊಡಬೇಕು.

ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ತಂದೆ ಇನ್ನೊಂದು ಕೆಲಸ ಮಾಡಬಹುದು. ಖೋಲಿಯ ಲೆಕ್ಕದ ಪುಸ್ತಕವನ್ನು ಮಗಳ ಕೈಗೆ ಕೊಡಬಹುದು. ಬಂದದ್ದು, ಹೋದದ್ದು, ಖಾಲಿ ಉಳಿದ ದಿನ ಎಲ್ಲವನ್ನೂ ಅವಳೇ ಬರೆಯಲಿ. ಬಡ್ಡಿ, ಸವಕಳಿ, ಕರಾರು ಎಂದು ಕಾಲೇಜಿನಲ್ಲಿ ಓದುವ ಮುನ್ನವೇ ಅವು ಏನೆಂಬುದು ಅವಳಿಗೆ ತಿಳಿದಿರುತ್ತದೆ. ಮುಂದಿನ ವರ್ಷ ತಾನೇ ಬೇರೆ ಊರಿಗೆ ಓದಲು ಹೋಗಿ ಖೋಲಿ ಹುಡುಕುವಾಗ, ಯಾವ ಕಾಗದ ಕೇಳಬೇಕು, ಎಲ್ಲಿ ಸಹಿ ಮಾಡಬಾರದು ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿಲ್ಲ.