ದ್ವೀಪದಲ್ಲಿ ಎರಡು ಖಾಲಿ ದಿನಗಳು

ಪೀಣ್ಯ ಎರಡನೆಯ ಹಂತದಲ್ಲಿ ನಾಲ್ಕು ಲೇತ್ ಯಂತ್ರಗಳನ್ನಿಟ್ಟುಕೊಂಡು ಸಣ್ಣ ಕಾರ್ಖಾನೆ ನಡೆಸುತ್ತಿರುವ ನಮ್ಮ ಸೋದರಳಿಯ ಕಳೆದ ಭಾನುವಾರ ಸಂಸಾರಸಮೇತನಾಗಿ ಮನೆಗೆ ಬಂದಿದ್ದನು. ಪ್ರಸಾದವಾದ ಮೇಲೆ ಅವನ ಮಗ, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವ ಹುಡುಗ, ಒಂದು ಕಾಗದವನ್ನು ನಮ್ಮ ಮುಂದೆ ಹರಡಿದನು. ಜನವರಿಯಲ್ಲಿ ತಂದೆತಾಯಿಯರನ್ನು ಅಂಡಮಾನಿಗೆ ಕಳುಹಿಸುವ ಯೋಜನೆ ಅದು. ಆರು ದಿನ, ಐದು ರಾತ್ರಿ, ಹದಿನಾಲ್ಕು ಪ್ರೇಕ್ಷಣೀಯ ಸ್ಥಳಗಳು. ಯಾವ ಗಂಟೆಗೆ ಏಳಬೇಕು, ಯಾವ ಗಂಟೆಗೆ ದೋಣಿ ಹತ್ತಬೇಕು, ಎಷ್ಟು ನಿಮಿಷ ಸಮುದ್ರ ನೋಡಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿತ್ತು. ಮಗನ ಪ್ರೀತಿಗೆ ನಾವು ತಲೆದೂಗಿದೆವು. ಕಾಗದಕ್ಕೆ ಮಾತ್ರ ತಲೆದೂಗಲಾಗಲಿಲ್ಲ.

ಈ ಸೋದರಳಿಯ ಇಪ್ಪತ್ತಾರು ವರ್ಷಗಳಿಂದ ಗಡಿಯಾರಕ್ಕೆ ಕಟ್ಟುಬಿದ್ದು ಬದುಕಿದವನು. ಮಾಲು ಒಪ್ಪಿಸುವ ದಿನ, ವಿದ್ಯುತ್ತು ಹೋಗುವ ಹೊತ್ತು, ಬ್ಯಾಂಕಿನ ಕಂತು, ಇವೇ ಅವನ ಪಂಚಾಂಗ. ಹೋದ ವರ್ಷ ರಕ್ತದೊತ್ತಡ ಏರಿ ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ದಿಂಬಿನ ಕೆಳಗೆ ಕಾರ್ಖಾನೆಯ ಬೀಗದ ಕೈ ಇತ್ತು. ವೈದ್ಯರು ಹೇಳಿದ್ದು ಒಂದೇ ಮಾತು: ಕೆಲವು ದಿನ ದೂರ ಹೋಗಿ ಸುಮ್ಮನಿದ್ದು ಬನ್ನಿ. ಆ ಸುಮ್ಮನಿರುವುದನ್ನೇ ಕಾಗದದಲ್ಲಿ ಬರೆಯಲು ಹುಡುಗ ಮರೆತಿದ್ದನು.

ಅವನೊಬ್ಬನ ತಪ್ಪೂ ಅಲ್ಲ. ನಮ್ಮ ಮನೆಗಳಲ್ಲಿ ಪ್ರಯಾಣವೆಂದರೆ ಶ್ರೀಶೈಲ, ಉಳವಿ, ಕೂಡಲಸಂಗಮ. ಇಲ್ಲವೇ ಸಿದ್ಧಗಂಗೆಯ ಜಾತ್ರೆ, ಸುತ್ತೂರಿನ ಜಾತ್ರೆ. ಅದೂ ಅಲ್ಲವಾದರೆ ಬೀಗರ ಕಡೆಯ ಮದುವೆ. ಎಲ್ಲದರಲ್ಲಿಯೂ ಮುಗಿಸಿ ಬರಬೇಕಾದ ಒಂದು ಕಾರ್ಯವಿರುತ್ತದೆ. ಯಾವ ಕಾರ್ಯವೂ ಇಲ್ಲದೆ ಹಣ ತೆತ್ತು ಕಡಲದಂಡೆಯಲ್ಲಿ ಕುಳಿತು ಬರುವುದೆಂದರೆ ಕಾಯಕ ಬಿಟ್ಟು ಸೋಮಾರಿಗಳಾದಂತೆ ಎಂಬ ಅಳುಕು ನಮ್ಮಂಥವರ ಎದೆಯೊಳಗೆ ಇದ್ದೇ ಇದೆ. ಸ್ಥಳಗಳ ಪಟ್ಟಿಯನ್ನು ಉದ್ದ ಮಾಡಿಸುವುದು ಈ ಅಳುಕೇ ಎಂದು ನಮಗೆ ತೋರುತ್ತದೆ.

“ಮಾವ, ಅಷ್ಟು ದೂರ ಹೋಗಿ ಎಲ್ಲ ನೋಡದೆ ಬಂದರೆ ದುಡ್ಡು ದಂಡವಲ್ಲವೇ?” ಎಂದು ಸೋದರಳಿಯ ಕೇಳಿದನು. ಆಗ ನಮ್ಮ ಕಥೆಯನ್ನು ಹೇಳಬೇಕಾಯಿತು.

2018ರ ಡಿಸೆಂಬರ್ ಕೊನೆಯಲ್ಲಿ ನಾವೂ ಇಂಥದೇ ಪಟ್ಟಿ ಹಿಡಿದು ಅಂಡಮಾನಿಗೆ ಹೊರಟಿದ್ದೆವು. ಒಂದು ಗಳಿಗೆಯೂ ವ್ಯರ್ಥವಾಗಬಾರದೆಂದು, ಬೆಳಿಗ್ಗೆ ಸ್ವರಾಜ್ ದ್ವೀಪದಿಂದ ಹಡಗು ಹತ್ತಿ ಅದೇ ಮಧ್ಯಾಹ್ನ ಬೆಂಗಳೂರಿನ ವಿಮಾನ ಹಿಡಿಯುವಂತೆ ಏರ್ಪಾಟು ಮಾಡಿಕೊಂಡಿದ್ದೆವು. 2019ರ ಜನವರಿಯ ಮೊದಲ ವಾರ ಪಬುಕ್ ಚಂಡಮಾರುತ ಆ ಕಡೆಗೆ ತಿರುಗಿತು. ಸಮುದ್ರ ಕೆರಳಿ ಹಡಗುಗಳು ನಿಂತವು. ವಿಮಾನವೂ ಹೋಯಿತು, ಟಿಕೆಟಿನ ಹಣವೂ ಹೋಯಿತು. ಅದಕ್ಕಿಂತ ಮಿಗಿಲಾದ ಕಷ್ಟವೆಂದರೆ, ನಮ್ಮ ಮನೆಯವರ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಲೆಕ್ಕ ಹಾಕಿ ಆರೇ ದಿನಕ್ಕೆ ತಂದಿದ್ದೆವು. ಸುರಿಯುವ ಮಳೆಯಲ್ಲಿ ಔಷಧದ ಅಂಗಡಿ ಹುಡುಕುತ್ತ ಅಲೆದ ಆ ಸಂಜೆಯನ್ನು ಅವರು ಇಂದಿಗೂ ಆಗಾಗ ನೆನಪಿಸುತ್ತಾರೆ. ಇದು ಅಪರೂಪದ ಸಂಗತಿಯೂ ಅಲ್ಲ. 2016ರ ಡಿಸೆಂಬರಿನಲ್ಲಿ ಅದೇ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದು, ನೌಕಾಪಡೆ ಹಡಗು ಕಳುಹಿಸಬೇಕಾಗಿ ಬಂದಿತ್ತು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೋಗಲು ಒಳ್ಳೆಯ ಕಾಲವೆಂಬುದು ದಿಟ, ಆದರೆ ಕಡಲು ಯಾರಿಗೂ ಮಾತು ಕೊಟ್ಟಿರುವುದಿಲ್ಲ.

ಆದ್ದರಿಂದ ಹುಡುಗನ ಕಾಗದದಲ್ಲಿ ನಾವು ಮೊದಲು ತಿದ್ದಿದ್ದು ಕೊನೆಯ ರಾತ್ರಿಯನ್ನು. ವಿಮಾನ ಏರುವ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿಯೇ ಇರಬೇಕು. (2024ರ ಸೆಪ್ಟೆಂಬರಿನಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೊಸ ಹೆಸರಾಗಿದೆ, ಹ್ಯಾವ್‌ಲಾಕ್ 2018ರಲ್ಲಿಯೇ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಹಳೆಯ ಹೆಸರು, ಹೊಸ ಹೆಸರು ಎರಡೂ ಬಳಕೆಯಲ್ಲಿರುವುದರಿಂದ ಗಾಬರಿಯಾಗಬೇಕಿಲ್ಲ.) ಮೊದಲ ದಿನ ಅಲ್ಲಿ ಇಳಿದು ಮಧ್ಯಾಹ್ನ ಮಲಗಿ ಎದ್ದು, ಸಂಜೆಗೆ ಸೆಲ್ಯುಲರ್ ಜೈಲು. ಎರಡನೆಯ ದಿನ ಹಡಗಿನಲ್ಲಿ ಸ್ವರಾಜ್ ದ್ವೀಪ. ಹಡಗಿನ ವೇಗಕ್ಕೆ ತಕ್ಕಂತೆ ಒಂದೂವರೆಯಿಂದ ಎರಡೂವರೆ ಗಂಟೆಯ ಹಾದಿ. ಅಲ್ಲಿ ಮೂರು ರಾತ್ರಿ. ಐದನೆಯ ದಿನ ಮರಳಿ ಪೋರ್ಟ್ ಬ್ಲೇರ್, ಆರನೆಯ ದಿನ ಮನೆ. ನಡುವಿನ ಎರಡು ದಿನಗಳ ಮುಂದೆ ಏನನ್ನೂ ಬರೆಯಬೇಡವೆಂದೆವು.

ಜೈಲನ್ನು ಪಟ್ಟಿಯಲ್ಲಿ ಏಕೆ ಉಳಿಸಿದೆವೆಂದರೆ, ಅದನ್ನು ನೋಡದೆ ಬರುವುದು ಸರಿಯಲ್ಲ. 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿದ ಆ ಕಟ್ಟಡದ ಏಳು ಬಾಹುಗಳಲ್ಲಿ ಇಂದು ಮೂರು ಮಾತ್ರ ಉಳಿದಿವೆ. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣದಂತೆ ಕಟ್ಟಿದ ಕೋಣೆಗಳ ಮುಂದೆ ನಿಂತಾಗ, ದ್ವೀಪವೆಂಬುದು ಎಲ್ಲರಿಗೂ ವಿಹಾರವಾಗಿರಲಿಲ್ಲವೆಂದು ಅರಿವಾಗುತ್ತದೆ.

ಬಾರಾಟಂಗಿನ ಸುಣ್ಣಕಲ್ಲಿನ ಗುಹೆಗಳನ್ನು ಮಾತ್ರ ಖಡಾಖಂಡಿತವಾಗಿ ಹೊಡೆದುಹಾಕಿಸಿದೆವು. ರಸ್ತೆಯಲ್ಲಿ ಹೋಗುವವರು ನಸುಕಿನ ಮೂರು ಗಂಟೆಗೇ ಏಳಬೇಕೆಂಬುದು ಒಂದು ಕಾರಣ. ಆ ರಸ್ತೆ ಜಾರವಾ ಜನರ ಕಾಡಿನ ನಡುವೆ ಹಾದುಹೋಗುವುದು ಇನ್ನೊಂದು. ಅವರ ಚಿತ್ರ ತೆಗೆಯುವುದು, ತಿನಿಸು ಕೊಡುವುದು ಕಾನೂನಿಗೆ ವಿರುದ್ಧ. ಮೀಸಲು ಪ್ರದೇಶದೊಳಗಿನ ಆ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲಿಯೇ ಸುಪ್ರೀಂ ಕೋರ್ಟು ಹೇಳಿದ್ದರೂ ವಾಹನಗಳು ನಿಂತಿಲ್ಲ. ಪರರ ಮನೆಯಂಗಳದಲ್ಲಿ ಕಾರು ಓಡಿಸಿಕೊಂಡು ಹೋಗಿ ನೋಡುವ ಗುಹೆ ನಮಗೆ ಬೇಡ.

ಸೂರ್ಯನ ವಿಷಯವನ್ನೂ ಹೇಳಿದೆವು, ಏಕೆಂದರೆ ಹುಡುಗನ ಕಾಗದದಲ್ಲಿ ರಾಧಾನಗರ ಕಡಲತೀರಕ್ಕೆ ಆರು ಗಂಟೆಯ ಸೂರ್ಯಾಸ್ತವನ್ನು ಗೊತ್ತುಮಾಡಲಾಗಿತ್ತು. ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ರೇಖಾಂಶದಷ್ಟು ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಬೆಳಕು ಹರಿಯುವುದೂ ಕತ್ತಲಾಗುವುದೂ ನಮ್ಮಲ್ಲಿಗಿಂತ ಹೆಚ್ಚುಕಡಿಮೆ ಒಂದು ಗಂಟೆ ಮೊದಲು. ಜನವರಿಯಲ್ಲಿ ಐದೂವರೆಯ ವೇಳೆಗೆ ಸೂರ್ಯ ಮುಳುಗಿರುತ್ತಾನೆ. ನಾಲ್ಕು ಗಂಟೆಗೇ ಹೋಗಿ ಮರಳಿನ ಮೇಲೆ ಕುಳಿತುಬಿಡಬೇಕು.

ಸಸ್ಯಾಹಾರದ ಚಿಂತೆಯನ್ನು ಸೋದರಳಿಯನ ಹೆಂಡತಿ ಎತ್ತಿದಳು. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ಬಹಳವಿರುವುದರಿಂದ ಇಡ್ಲಿ ದೋಸೆಗೆ ಕೊರತೆಯಿಲ್ಲ. ಸ್ವರಾಜ್ ದ್ವೀಪದಲ್ಲಿ ಮೀನಿನ ಊಟವೇ ಹೆಚ್ಚು. ವಸತಿಗೃಹ ಗೊತ್ತುಮಾಡುವ ಮುನ್ನವೇ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುವರೇ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಳ್ಳುವುದು ಮೇಲು. ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೈಚೀಲದಲ್ಲಿದ್ದರೆ ಧೈರ್ಯ. ಮಾತ್ರೆಗಳು ನಾಲ್ಕು ದಿನದಷ್ಟು ಹೆಚ್ಚೇ ಇರಲಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ.

ಇನ್ನೊಂದು ಮಾತು ನಮ್ಮವರಿಗೆಂದೇ ಹೇಳಬೇಕಾದದ್ದು. ಇಷ್ಟಲಿಂಗ ಧರಿಸಿದವರು ಅಲೆಗಳಲ್ಲಿ ಇಳಿಯುವಾಗ ಶಿವದಾರ ಹೊಸದಾಗಿ, ಗಟ್ಟಿಯಾಗಿರಲಿ. ಅಲೆ ಕಾಲಿನ ಚಪ್ಪಲಿಯನ್ನು ಒಯ್ದರೆ ಚಿಂತೆಯಿಲ್ಲ. ನಾವಂತೂ ಮೊಣಕಾಲಿನ ಆಚೆಗೆ ಹೋಗಲಿಲ್ಲ. ಉಪ್ಪುನೀರಿನ ಮೊಸಳೆಗಳಿರುವ ಕಡೆಯೂ ಅದು. ದಡದ ಕಾವಲಿನವರು ಬೇಡವೆಂದಲ್ಲಿ ಇಳಿಯಬಾರದು. ಹವಳ, ಶಂಖ, ಚಿಪ್ಪುಗಳನ್ನು ದಡದಿಂದ ಆಯ್ದು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತಪಾಸಣೆಯಿದೆ.

ಹುಡುಗ ಕೊಂಚ ಪೆಚ್ಚಾದನು. ಹದಿನಾಲ್ಕರಲ್ಲಿ ಎರಡೇ ಸ್ಥಳ ಉಳಿದಿದ್ದವು. ಸೋದರಳಿಯ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, “ಈ ಎರಡು ದಿನ ನಾನು ಏನು ಮಾಡಲಿ ಮಾವ?” ಎಂದನು. ಕೇಳುವಾಗ ಅವನ ಕೈ ಜೇಬಿನೊಳಗಿನ ಬೀಗದ ಕೈಯನ್ನು ತಡವುತ್ತಿತ್ತು. ಹದಿನೆಂಟು ವರ್ಷ ಜೊತೆಯಲ್ಲಿ ದುಡಿದ ಹಿರಿಯ ಟರ್ನರ್ ಇರುವಾಗ ಆರು ದಿನ ಅದನ್ನು ಅವರ ಕೈಗೆ ಕೊಡಬಾರದೇಕೆ ಎಂದು ನಾವು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅವನ ಹೆಂಡತಿ, “ಮಾವ, ಅಲ್ಲಿ ಬೆಳಿಗ್ಗೆ ಎದ್ದು ಯಾರಿಗೂ ತಿಂಡಿ ಮಾಡುವಂತಿಲ್ಲವಲ್ಲ?” ಎಂದಳು. ಇಲ್ಲವಮ್ಮ ಎಂದೆವು. ಅವಳು ಮಗನ ಕೈಯಿಂದ ಪೆನ್ನು ತೆಗೆದುಕೊಂಡು, ಕಾಗದದ ಮೇಲ್ತುದಿಯಲ್ಲಿ ಹೊರಡುವ ದಿನಾಂಕವನ್ನು ತಾನೇ ಬರೆದಳು.